ಎಲ್ಲಿಗೆ ಎಂದು ಕೇಳದ ಮನೆ

ಬೈಲಹೊಂಗಲದ ನಮ್ಮ ಅತ್ತೆಯ ಮನೆಯಲ್ಲಿ ಹೊರಗೆ ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಚಪ್ಪಲಿ ಮೆಟ್ಟಿದವರನ್ನು ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ ನಮ್ಮ ಕಡೆಯೆಲ್ಲ ಇದೆ. ಉಳಿದ ಮನೆಗಳಲ್ಲಿ ಅದು ಅರ್ಧ ಮರೆತ ನಂಬಿಕೆ, ನಮ್ಮಲ್ಲಿ ಕಾಯದೆ. ತೀರ ತಿಳಿಯಲೇಬೇಕೆಂದಿದ್ದರೆ 'ದೂರ ಹೊಂಟೀರೇನು' ಎನ್ನಬಹುದಿತ್ತು. ಅದಕ್ಕೆ 'ಹೂಂ, ಹೋಗಿ ಬರತೇನಿ' ಎಂದಷ್ಟೇ ಉತ್ತರ. ಈ ಒಂದು ಪದ್ಧತಿಯ ದೆಸೆಯಿಂದ ನಮ್ಮ ಹಿತ್ತಲ ಕೋಣೆಯ ಬಾಯಿಯವರನ್ನು ದೇಶ ಬಿಡಿಸಿ ಕಳಿಸುವ ತನಕ ಸರಕಾರ ಬಂದಿತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ನನಗೆ ಆ ಪದ್ಧತಿಯ ಮೇಲೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಸಿಟ್ಟು ಬಂದದ್ದು ಬೇರೆಯದರ ಮೇಲೆ.

ನಾವು ಗೌರವದಿಂದ ಬಾಯಿಯವರು ಎನ್ನುತ್ತಿದ್ದ ಅವರು ಜರ್ಮನಿಯವರು. ವಯಸ್ಸಿದ್ದಾಗ ನಮ್ಮ ಸೀಮೆಯ ಒಂದು ಮಿಶನ್ ದವಾಖಾನೆಯಲ್ಲಿ ಹೆರಿಗೆಯ ನರ್ಸ್ ಆಗಿದ್ದರು. ನನ್ನ ಅತ್ತೆಯವರಿಗೆ ಹುಟ್ಟಿದ ಕೂಸುಗಳು ಉಳಿಯದೆ ಹೋಗುತ್ತಿದ್ದ ಕಾಲದಲ್ಲಿ, ಅತ್ತೆಯವರೇ ಗಾಡಿ ಕಟ್ಟಿಸಿಕೊಂಡು ಅಲ್ಲಿಗೆ ಹೋಗಿ ನನ್ನ ಗಂಡನನ್ನು ಹೆತ್ತು ಬಂದಿದ್ದರು. ಬರುವಾಗ, ಮುದುಕಿಯಾದ ಮೇಲೆ ನಮ್ಮ ಮನೆಗೇ ಬಂದುಬಿಡಿ ಬಾಯಾರೆ ಎಂದು ಹೇಳಿ ಬಂದಿದ್ದರು. ನಮ್ಮವರು ಇಂಥ ಮಾತು ಆಡುತ್ತಾರೆ, ಕೇಳಿದವರು ನಕ್ಕು ತಲೆಯಾಡಿಸುತ್ತಾರೆ. ಬಾಯಿಯವರು ಅದನ್ನು ನೆನಪಿಟ್ಟುಕೊಂಡಿದ್ದರು. ಯುದ್ಧದ ವರ್ಷಗಳಲ್ಲಿ ಇಂಗ್ಲಿಷರು ಅವರನ್ನು ವೈರಿ ದೇಶದವರೆಂದು ತಂತಿಬೇಲಿಯ ಹಿಂದೆ ಇಟ್ಟಿದ್ದರು. ಬಿಟ್ಟಾಗ ಮುಪ್ಪು ಬಂದಿತ್ತು, ನೌಕರಿ ಮುಗಿದಿತ್ತು. ಸ್ವರಾಜ್ಯ ಬಂದ ಮರುವರ್ಷ ಒಂದು ಮಧ್ಯಾಹ್ನ ಟಾಂಗಾದಿಂದ ಟ್ರಂಕು ಇಳಿಸಿ ನಮ್ಮ ಕಟ್ಟೆಯ ಮುಂದೆ ನಿಂತರಂತೆ. ಅತ್ತೆಯವರು ರೊಟ್ಟಿ ಬಡಿಯುತ್ತಿದ್ದ ಕೈಯಲ್ಲೇ ಎದ್ದು ಬಂದು, ಇಷ್ಟು ತಡ ಯಾಕೆ ಮಾಡಿದಿರಿ ಎಂದು ಜಗಳ ತೆಗೆದರಂತೆ.

ಅದೇ ವರ್ಷ ನಾನು ಆ ಮನೆಗೆ ಸೊಸೆಯಾಗಿ ಬಂದೆ. ನನ್ನ ತವರು ರಾಮದುರ್ಗ. ನಾನು ಹುಟ್ಟಿದಾಗ ಅದೊಂದು ಸಂಸ್ಥಾನ, ಅದಕ್ಕೆ ಅದರದೇ ರಾಜರು, ಅದರದೇ ಕಚೇರಿ. ನನ್ನ ಲಗ್ನದ ಹೊತ್ತಿಗೆ ಅದು ಮುಂಬಯಿ ಪ್ರಾಂತದಲ್ಲಿ ಕರಗಿಹೋಗಿತ್ತು. ಬೆಳಗಾಗುವುದರೊಳಗೆ ನಾವೆಲ್ಲ ಬೇರೆ ಸರಕಾರದವರಾಗಿದ್ದೆವು. ಅದಕ್ಕಾಗಿ ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ, ಒಂದು ಕಾಗದ ಬರೆಸಿಕೊಳ್ಳಲಿಲ್ಲ.

ಬಾಯಿಯವರಿಗೆ ಹಾಗಿರಲಿಲ್ಲ. ಅವರು ಇಲ್ಲಿರಲು ಪರವಾನಗಿ ಬೇಕು, ಅದನ್ನು ವರ್ಷ ವರ್ಷ ಹೊಸದು ಮಾಡಿಸಬೇಕು. ಬೈಲಹೊಂಗಲ ತಾಲೂಕಿನ ಆಚೆ ಒಂದು ರಾತ್ರಿ ಮಲಗಬೇಕಾದರೂ ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಮೊದಲೇ ಪೊಲೀಸ್ ಚೌಕಿಗೆ ತಿಳಿಸಬೇಕು. ಇದು ಯುದ್ಧಕಾಲದ ಷರತ್ತು. ಯುದ್ಧ ಮುಗಿದಿತ್ತು, ಷರತ್ತು ಹಾಕಿದವರು ಹಡಗು ಹತ್ತಿ ತಮ್ಮೂರಿಗೆ ಹೋಗಿದ್ದರು. ಅದನ್ನು ತೆಗೆದುಹಾಕಲು ಯಾರಿಗೂ ನೆನಪಾಗಿರಲಿಲ್ಲ ಅಷ್ಟೆ. ತಿಂಗಳಿಗೊಮ್ಮೆ ಜಮಾದಾರ ಬಂದು, ಬಾಯಿಯವರು ಕೋಣೆಯಲ್ಲಿ ಇದ್ದಾರೆಯೇ ಎಂದು ಇಣುಕಿ, ಮಜ್ಜಿಗೆ ಕುಡಿದು ಹೋಗುತ್ತಿದ್ದ.

ಅಚ್ಚರಿಯೆಂದರೆ ಬಾಯಿಯವರಿಗೆ ಇದರಿಂದ ಬೇಜಾರಿರಲಿಲ್ಲ. ಅವರು ಕಾಯದೆ ಎಂದರೆ ಪ್ರಾಣ ಬಿಡುವ ಹೆಂಗಸು. ಸರಕಾರಿ ಕಾಗದವನ್ನು ಒದ್ದೆ ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಚೌಕಿಗೆ ಹೋಗುವ ದಿನ ಬಿಸಿಲಿರಲಿ, ಕೆಸರಿರಲಿ, ಕಾಲುಚೀಲ ಏರಿಸಿ ಬೂಟು ಹಾಕಿಕೊಂಡೇ ಹೋಗುತ್ತಿದ್ದರು. ಬೇಸರವೆಲ್ಲ ನಮ್ಮ ಅತ್ತೆಯವರಿಗೆ. ಅತ್ತೆಯವರ ತವರು ಕಿತ್ತೂರು. ಆ ಊರಿನವರಿಗೆ ಸರಕಾರಿ ಕಾಗದ ಕಂಡರೆ ಮೊದಲು ಸಿಟ್ಟು, ಓದಿಸಿಕೊಳ್ಳುವುದು ಆಮೇಲೆ. ರೇಶನ್ ಕಾರ್ಡು ಮಾಡುವಾಗ ಕಾರಕೂನನೊಬ್ಬ, ಬಿಳಿ ಬಾಯಿಯವರು ಬ್ರೆಡ್ಡು ತಿನ್ನುವವರೆಂದು ತಾನೇ ತೀರ್ಮಾನಿಸಿ ಅವರ ಹೆಸರಿಗೆ ಗೋಧಿ ಬರೆದುಬಿಟ್ಟ. ನಮ್ಮ ಪಾಲಿಗೆ ಜೋಳ. ಬಾಯಿಯವರೋ ಎರಡು ಹೊತ್ತೂ ಜೋಳದ ರೊಟ್ಟಿ, ಎಣ್ಣೆಗಾಯಿ ತಿನ್ನುವವರು. ತಪ್ಪು ತಿದ್ದಿಸಲು ಅವರು ಬೂಟು ಹಾಕಿಕೊಂಡು ಹೊರಟರೆ ಅತ್ತೆಯವರು ಬಾಗಿಲಿಗೆ ಅಡ್ಡ ನಿಂತರು. ಆ ಗೋಧಿಯಿಂದ ಯುಗಾದಿಗೆ ನಮ್ಮ ಮನೆಯಲ್ಲಿ ಹೋಳಿಗೆ ಆಯಿತು. ಬಾಯಿಯವರು ಹೋಳಿಗೆ ತಿನ್ನುತ್ತ, ಇದು ಸರಿಯಲ್ಲ, ಸರಿಯಲ್ಲ ಎನ್ನುತ್ತಲೇ ಇನ್ನೊಂದು ಹಾಕಿಸಿಕೊಂಡರು.

ಇನ್ನು ನನ್ನ ಮಾತು. ನನ್ನ ಮೊದಲ ಕೂಸು ರಾಮದುರ್ಗದಲ್ಲಿ ಹುಟ್ಟಿ, ಅಳದೆಯೇ ಹೋಗಿತ್ತು. ಅದರ ಬಗ್ಗೆ ನಾನು ಆಗಲೂ ಮಾತಾಡಲಿಲ್ಲ, ಈಗಲೂ ಹೆಚ್ಚು ಬರೆಯಲಾರೆ. ಎರಡನೆಯದು ಹೊಟ್ಟೆಯಲ್ಲಿ ಬೆಳೆದಂತೆಲ್ಲ ನನಗೆ ತವರಿನ ದಾರಿ ನೆನೆದರೇ ಹೆದರಿಕೆಯಾಗುತ್ತಿತ್ತು. ಹೋಗದೆ ಇರುವಂತೆಯೂ ಇಲ್ಲ, ನನ್ನ ಅವ್ವ ಅಲ್ಲಿ ಕಾಯುತ್ತಿದ್ದಳು. ಅತ್ತೆಯವರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಬಾಯಿಯವರು ಸಂಗಾಟ ಹೋಗುತ್ತಾರೆ, ನಿನ್ನ ಜೊತೆಗೇ ಇರುತ್ತಾರೆ ಎಂದು ಹೇಳಿ ಮುಗಿಸಿದರು. ಬಾಯಿಯವರನ್ನೂ ಅವರು ಕೇಳಲಿಲ್ಲ, ಮಾವನವರಿಗೂ ಹೇಳಲಿಲ್ಲ. ಬಸುರಿ ಯಾವ ದಿನ ಹೊರಡುತ್ತಾಳೆ, ಯಾರ ಜೊತೆ ಹೊರಡುತ್ತಾಳೆ ಎಂಬುದನ್ನು ನಮ್ಮಲ್ಲಿ ಬಾಯಿ ಬಿಟ್ಟು ಆಡುವುದಿಲ್ಲ, ಕಣ್ಣು ತಾಗುತ್ತದೆ. ಹತ್ತಿಯ ಅಡತಿ ಅಂಗಡಿಯಲ್ಲಿ ಕುಳಿತ ಗಂಡಸರಿಗೆ ಅದು ಬೇಕಾಗಿಯೂ ಇರಲಿಲ್ಲ.

ಹೊರಡುವ ಬೆಳಿಗ್ಗೆ ನನಗೆ ಉಡಿ ತುಂಬಿದರು. ಹೊಸ್ತಿಲು ದಾಟಿ ಅಂಗಳಕ್ಕೆ ಬಂದಾಗ ಬಾಯಿಯವರು ತಟ್ಟನೆ ನಿಂತುಬಿಟ್ಟರು. ಚೌಕಿಗೆ ತಿಳಿಸಿಲ್ಲ, ಒಳಗೆ ಹೋಗಿ ಪರವಾನಗಿ ಪುಸ್ತಕ ತಂದು ಚೌಕಿಗೆ ಹೋಗಿ ಬರುತ್ತೇನೆ ಎಂದರು. ಅತ್ತೆಯವರು ಅವರ ಕೈ ಹಿಡಿದರು.

'ಹೊಸ್ತಲಾ ದಾಟಿ ಆತು ಬಾಯಾರ. ಬಸುರಿ ಹುಡುಗೀನ ಅಂಗಳದಾಗ ನಿಲ್ಲಿಸಿ ತಿರುಗಿ ಒಳಗ ಹೋಗಬ್ಯಾಡ್ರಿ. ಒಮ್ಮೆ ಆಗಿದ್ದು ಸಾಕು ನಮಗ.'

ಬಾಯಿಯವರು ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತಿದ್ದೆ. ಅವರು ಮುಂದೆ ನಡೆದರು. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ಮತ್ತೆ ಚಡಪಡಿಸಿದರು. ಅಲ್ಲಿಯ ಚೌಕಿಯಲ್ಲಾದರೂ ಒಂದು ಮಾತು ಹೇಳುತ್ತೇನೆ ಎಂದು ದೇವಿಯ ಗುಡ್ಡಕ್ಕೆ ಹೋಗುವ ಜನರ ನಡುವೆ ದಾರಿ ಮಾಡಿಕೊಂಡು ಹೊರಟರು. ಅಷ್ಟರಲ್ಲಿ ರಾಮದುರ್ಗದ ಬಸ್ಸು ಬಂತು, ನನಗೆ ಸೊಂಟ ಹಿಡಿದಂತಾಯಿತು, ನಾನು ಕೂಗಿದೆ. ಅವರು ಓಡಿ ಬಂದರು. ಅಷ್ಟು ವಯಸ್ಸಿನವರು ಓಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ನನ್ನ ಮಗಳು ರಾಮದುರ್ಗದಲ್ಲಿ, ಬಾಯಿಯವರ ಕೈಯಲ್ಲಿ ಹುಟ್ಟಿದಳು. ಹುಟ್ಟಿದ ಕೂಡಲೇ ಮನೆ ಹಾರಿಹೋಗುವಂತೆ ಅತ್ತಳು. ಬಾಯಿಯವರು ಮರುದಿನವೇ ಬೈಲಹೊಂಗಲಕ್ಕೆ ಹೊರಡಲು ಸಿದ್ಧರಾದರೆ ನನ್ನ ಅವ್ವ ಅವರ ಚೀಲವನ್ನು ಅಡಗಿಸಿಟ್ಟಳು. ಕೂಸನ್ನು ಈ ಲೋಕಕ್ಕೆ ತಂದ ಕೈ ತೊಟ್ಟಿಲಿಗೂ ಹಾಕಬೇಕು, ಅಲ್ಲಿಯ ತನಕ ಮನೆಯ ಗಡಿ ದಾಟಬಾರದು ಎಂದು ಅವಳ ಹಟ. ಹೀಗೆ ಒಬ್ಬರು ತಿರುಗಿ ಒಳಗೆ ಹೋಗಬೇಡಿ ಎಂದರು, ಇನ್ನೊಬ್ಬರು ಹೊರಗೆ ಹೋಗಬೇಡಿ ಎಂದರು. ಆಯುಷ್ಯದಲ್ಲಿ ಒಂದೂ ಕಾಯದೆ ಮುರಿಯದ ಮುದುಕಿ ನಮ್ಮ ಎರಡು ಮನೆಗಳ ನಡುವೆ ಸಿಕ್ಕಿಕೊಂಡು ಸರಕಾರದ ಕಣ್ಣಿನಲ್ಲಿ ಕಳ್ಳಿಯಾದರು.

ಇತ್ತ ಬೈಲಹೊಂಗಲದಲ್ಲಿ ಹೊಸ ಜಮಾದಾರ ಬಂದಿದ್ದ. ಕೋಣೆಗೆ ಬೀಗ ಕಂಡು ನೇರ ಅಂಗಡಿಗೆ ಹೋಗಿ ಮಾವನವರನ್ನು ಕೇಳಿದ. ಬಾಯಿಯವರು ಎಲ್ಲಿ ಹೋಗಿದ್ದಾರೆ? ಗೊತ್ತಿಲ್ಲ. ಯಾವಾಗ ಬರುತ್ತಾರೆ? ಬಂದಾಗ ಬರುತ್ತಾರೆ. ಯಾರ ಜೊತೆ ಹೋದರು? ಕೇಳಿಲ್ಲ. ಮಾವನವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಊಹಿಸಿದ್ದರೂ, ಬಸುರಿ ಸೊಸೆ ಹೋದ ದಾರಿಯನ್ನು ತಲೆಗೆ ಪೊಲೀಸ್ ಟೊಪ್ಪಿಗೆ ಹಾಕಿಕೊಂಡವನ ಮುಂದೆ ಆಡುವ ಮನುಷ್ಯ ಅವರಲ್ಲ. ಜಮಾದಾರ 'ನಾಪತ್ತೆ' ಎಂದು ಬರೆದು ಮೇಲಕ್ಕೆ ಕಳಿಸಿದ.

ನಾವು ತೊಟ್ಟಿಲು ಮುಗಿಸಿ ಬಾಯಿಯವರನ್ನು ಕಳಿಸಿಕೊಟ್ಟೆವು. ನಾನು ಬಾಣಂತನ ಮುಗಿಸಿ ಬರುವ ಹೊತ್ತಿಗೆ ನೋಟೀಸು ಬಂದಿತ್ತು. ನನ್ನ ಯಜಮಾನರು ಅದನ್ನು ಓದಿ ಅರ್ಥ ಹೇಳಿದರು: ಪೊಲೀಸರಿಗೆ ತಿಳಿಸದೆ ತಲೆಮರೆಸಿಕೊಂಡದ್ದಕ್ಕಾಗಿ ಪರವಾನಗಿಯನ್ನು ಯಾಕೆ ರದ್ದು ಮಾಡಬಾರದು ಎಂದು ಬೆಳಗಾವಿಗೆ ಬಂದು ಹೇಳಬೇಕು, ರದ್ದಾದರೆ ದೇಶ ಬಿಡಬೇಕು. ಬಾಯಿಯವರು ಕೋಣೆಗೆ ಹೋಗಿ ಟ್ರಂಕಿನ ಧೂಳು ಒರೆಸತೊಡಗಿದರು. ನನಗೆ ಆಗ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ನನ್ನ ಕೂಸಿಗಾಗಿ ಬಂದವರನ್ನು ನನ್ನ ಕೂಸು ಇನ್ನೂ ಕುತ್ತಿಗೆ ನಿಲ್ಲಿಸುವ ಮೊದಲೇ ಓಡಿಸುವುದೆಂದರೆ ಏನು? ನಾನು ಅವರ ಕೈಯಿಂದ ಒರೆಸುವ ಬಟ್ಟೆ ಕಸಿದುಕೊಂಡೆ.

ಬೆಳಗಾವಿಗೆ ನಾವು ನೇಸರಗಿ ದಾರಿಯ ಬಸ್ಸಿನಲ್ಲಿ ಹೋದೆವು: ಮಾವನವರು, ಅತ್ತೆಯವರು, ಬಾಯಿಯವರು, ಮತ್ತು ತೊಡೆಯ ಮೇಲೆ ಮಗಳೊಂದಿಗೆ ನಾನು. ಪರವಾನಗಿ ಕಚೇರಿಯ ಸಾಹೇಬರು ಮರಾಠಿಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಕೆಟ್ಟ ಮನುಷ್ಯರಲ್ಲ. ನಡೆದದ್ದನ್ನೆಲ್ಲ ಕೇಳಿಕೊಂಡರು, ಮಗಳನ್ನು ನೋಡಿ ನಕ್ಕರು. ಆದರೂ ಮನೆಯ ಯಜಮಾನರಿಗೇ ಗೊತ್ತಿಲ್ಲವೆಂದರೆ ಸರಕಾರ ಹೇಗೆ ನಂಬಬೇಕು ಎಂದರು. ಕಾರಕೂನನಿಂದ ಒಂದು ಮುಚ್ಚಳಿಕೆ ಬರೆಸಿದರು. ಸದರಿ ವಿದೇಶಿ ಮಹಿಳೆ ನನ್ನ ಮನೆಯಿಂದ ಹೊರಡುವಾಗಲೆಲ್ಲ ಎಲ್ಲಿಗೆ ಹೋಗುವರೆಂದು ನಾನು ಕೇಳಿ ತಿಳಿದು ಚೌಕಿಗೆ ವರದಿ ಮಾಡುತ್ತೇನೆ, ಎಂದು. ಇಷ್ಟಕ್ಕೆ ಸಹಿ ಮಾಡಿದರೆ ಪರವಾನಗಿ ಉಳಿಯುತ್ತಿತ್ತು.

ಮಾವನವರು ಓದಿದರು. ಪೆನ್ನನ್ನು ಮೇಜಿನ ಮೇಲೆ ಇಟ್ಟರು.

'ಜಾಮೀನ ಬರಸ್ರಿ, ಕೊಡತೇನಿ. ಅವರು ತಪ್ಪ ಮಾಡಿದ್ರ ನನ್ನ ಹಿಡೀರಿ. ಹೊಸ್ತಲಾ ದಾಟಾವರನ್ನ ಎಲ್ಲಿಗೆ ಅಂತ ನಾ ಕೇಳೂದಿಲ್ರಿ.'

ಸಾಹೇಬರು ತಿಳಿಸಿ ಹೇಳಿದರು, ಆಮೇಲೆ ದನಿ ಏರಿಸಿದರು. ಮಾವನವರು ಕಂಬದಂತೆ ಕುಳಿತಿದ್ದರು. ಬಾಯಿಯವರು ಪೆನ್ನನ್ನು ಅವರ ಕಡೆಗೆ ಸರಿಸಿದರು. ಸಹಿ ಮಾಡಿ, ಅದು ಬರೀ ಕಾಗದ ಎಂದು ಮಾವನವರನ್ನು ಬೇಡಿಕೊಂಡರು. ಯಾವ ಕಾಗದವನ್ನೂ ಬರೀ ಕಾಗದ ಎಂದವರಲ್ಲ ಅವರು. ನನಗೆ ಅದನ್ನು ಕೇಳಲಾಗಲಿಲ್ಲ.

ಹಾಗಾದರೆ ರದ್ದು ಮಾಡದೆ ದಾರಿಯಿಲ್ಲ ಎಂದು ಸಾಹೇಬರು ಬಾಯಿಯವರ ಊರಿನ ಹೆಸರು ಕೇಳಿದರು, ಕಳಿಸುವುದಾದರೆ ಎಲ್ಲಿಗೆ ಕಳಿಸಬೇಕೆಂದು ಬರೆಯಬೇಕಿತ್ತು. ಬಾಯಿಯವರು ಹೇಳಿದರು. ಆ ಊರು ಯುದ್ಧದ ನಂತರ ಪೋಲೆಂಡಿಗೆ ಸೇರಿದೆ, ಜರ್ಮನಿಯಲ್ಲಿ ಇಲ್ಲ, ಅಲ್ಲಿದ್ದ ನಮ್ಮವರು ಯಾರೂ ಈಗ ಅಲ್ಲಿಲ್ಲ ಎಂದೂ ಹೇಳಿದರು. ಕಾರಕೂನ ಯಾವ ದೇಶ ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ಸಾಹೇಬರ ಮುಖ ನೋಡಿದ. ಗೋಡೆಯ ಮೇಲೆ ಜಿಲ್ಲೆಯ ಹಳೆಯ ನಕಾಶೆ ತೂಗುತ್ತಿತ್ತು. ಅದರಲ್ಲಿ ರಾಮದುರ್ಗ ಇನ್ನೂ ಬೇರೆ ಬಣ್ಣದಲ್ಲಿತ್ತು. ನಾನು ಅಷ್ಟು ಹೊತ್ತೂ ಅದನ್ನೇ ನೋಡುತ್ತಿದ್ದೆ.

ಮಾವನವರ ಎದುರು ನಾನು ಅಲ್ಲಿಯವರೆಗೆ ತಲೆಯ ಮೇಲಿನ ಸೆರಗು ಸರಿಸಿ ಮಾತಾಡಿದವಳಲ್ಲ. ಅವತ್ತು ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತೆ.

'ಸಾಹೇಬ್ರ, ಆ ನಕಾಶಿದಾಗ ಹಳದಿ ಬಣ್ಣದ್ದು ರಾಮದುರ್ಗ ಸಂಸ್ಥಾನ. ನಾ ಅಲ್ಲಿ ಹುಟ್ಟಿದಾಕಿ. ಆ ಸಂಸ್ಥಾನ ಈಗಿಲ್ಲ. ನನ್ನ ಯಾವ ದೇಶಕ್ಕ ಕಳಸ್ತೀರಿ?'

ನೀನು ಲಗ್ನವಾಗಿ ಬಂದವಳು, ಈ ಮನೆಯವಳು, ನಿನ್ನ ಮಾತು ಬೇರೆ ಎಂದರು ಸಾಹೇಬರು. ಇವರೂ ಕರೆಸಿಕೊಂಡೇ ಬಂದವರು, ನನಗಿಂತ ಮೊದಲು ಈ ಮನೆಯ ಹೊಸ್ತಿಲು ತುಳಿದವರು, ನನ್ನನ್ನು ಯಾರೂ ಪರವಾನಗಿ ಕೇಳಲಿಲ್ಲವಲ್ಲ ಎಂದೆ ನಾನು. ಹೇಳಿದ ಮೇಲೆ ನನಗೇ ಅನಿಸಿತು, ಅದು ಪೂರ್ತಿ ನಿಜವಲ್ಲ. ನಾನು ಊರ ಅಗಸಿ ಬಾಗಿಲಿನ ಆಚೆ ಕಾಲಿಡಬೇಕಾದರೂ ಅತ್ತೆಯವರ ಅಪ್ಪಣೆ ಬೇಕಿತ್ತು, ಅತ್ತೆಯವರಿಗೆ ಮಾವನವರದು. ಆ ಕೋಣೆಯಲ್ಲಿದ್ದ ಮೂವರು ಹೆಂಗಸರಲ್ಲಿ ಪರವಾನಗಿ ಬೇಡವಾದವಳು ಒಬ್ಬಳೂ ಇರಲಿಲ್ಲ.

ಅತ್ತೆಯವರು ಆಗ ಮೊದಲ ಸಲ ಬಾಯಿ ತೆರೆದರು.

'ಕೇಳೂದ್ಯಾಕ ಬೇಕ್ರಿ? ಇವರು ಎಲ್ಲಿ ಹೋಗತಾರೋ ಅಲ್ಲಿಗೆ ನಾ ಸಂಗಾಟ ಹೋಗತೇನಿ. ಸಂಗಾಟ ಹೋಗಾವರು ಕೇಳೂದೇನಿರತೈತಿ? ಹಂಗಂತ ಬರಕೊರಿ, ಹೆಬ್ಬಟ್ಟ ಒತ್ತತೇನಿ.'

ಸಾಹೇಬರು ಹಳೆಯ ಕಾಗದ ಹರಿದು ಹೊಸದು ಬರೆಸಿದರು. ಬಾಯಿಯವರು ಊರಿನ ಆಚೆ ಹೋಗುವಾಗ ಮನೆಯ ಒಬ್ಬ ಹೆಣ್ಣುಮಗಳು ತಪ್ಪದೆ ಜೊತೆಯಲ್ಲಿ ಹೋಗಬೇಕು, ಚೌಕಿಗೆ ಅವಳೇ ತಿಳಿಸಬೇಕು. ಅತ್ತೆಯವರು ಹೆಬ್ಬೆಟ್ಟು ಒತ್ತಿದರು. ಅವರಿಗೆ ಆಗದ ದಿನ ನಾನು ಎಂದು ನನ್ನ ಸಹಿಯನ್ನೂ ತೆಗೆದುಕೊಂಡರು. ಮಾವನವರು ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೇ ನೋಡುತ್ತಿದ್ದರು. ತಮ್ಮ ಮನೆಯ ಹೆಂಗಸರಿಗೆ ಸರಕಾರ ಏನು ಬರೆದುಕೊಟ್ಟಿತು ಎಂಬುದು ಅವರಿಗೆ ಆಗಲೇ ಹೊಳೆದಿರಬೇಕು.

ನಮಗೆ ಹೊಳೆದದ್ದು ಸ್ವಲ್ಪ ತಡವಾಗಿ. ಕಿತ್ತೂರು ಅಷ್ಟು ಹತ್ತಿರವಿದ್ದರೂ ಅತ್ತೆಯವರು ತವರಿನ ಮುಖ ನೋಡಿ ಬಹಳ ವರ್ಷಗಳಾಗಿದ್ದವು. ಸುಗ್ಗಿ, ಬೀಗರು, ಹತ್ತಿಯ ಹಂಗಾಮು, ಒಂದಿಲ್ಲೊಂದು ನೆವ. ಆ ಮಾಗಿಯಲ್ಲಿ ಬಾಯಿಯವರಿಗೆ ಕಿತ್ತೂರಿನ ಹಾಳು ಕೋಟೆ ನೋಡುವ ಆಸೆಯಾಯಿತು, ಅಥವಾ ಅತ್ತೆಯವರು ಆಸೆಯಾಗಿದೆ ಎಂದು ಹೇಳಿದರು. ಮಾವನವರು ಏನೂ ಮಾಡುವಂತಿರಲಿಲ್ಲ, ಸರಕಾರಿ ಮುಚ್ಚಳಿಕೆ. ಮೇಲಾಗಿ ಅವರು ಕೇಳುವ ಹಾಗೂ ಇರಲಿಲ್ಲ. ಆಮೇಲೆ ಸವದತ್ತಿ, ಸಿರಸಂಗಿಯ ಕಾಳಿಕಾ ಗುಡಿ. ನನಗೆ ಅವ್ವನ ನೆನಪಾದರೆ ಬಾಯಿಯವರ ಕೋಣೆಗೆ ಹೋಗಿ, ರಾಮದುರ್ಗದ ಕಡೆ ಗಾಳಿ ಬದಲು ಮಾಡಿದರೆ ಮಂಡಿನೋವು ಕಡಿಮೆಯಾದೀತೇ ಎಂದು ಕೇಳುತ್ತಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, ಆಗಬಹುದು ಎಂದು ಗಂಭೀರವಾಗಿ ಹೇಳಿ, ಬೂಟು ಹುಡುಕುತ್ತಿದ್ದರು. ಚೌಕಿಗೆ ಹೋಗುವುದು ಹಿಂದಿನ ದಿನವೇ ಆಗಬೇಕೆಂದು ಅತ್ತೆಯವರು ಗೊತ್ತುಮಾಡಿದ್ದರು. ಹೊಸ್ತಿಲು ದಾಟಿದ ದಿನ ತಿರುಗಿ ಬರುವ ಪ್ರಸಂಗವೇ ಬೇಡ. ಕಾಯದೆಯೂ ಉಳಿಯಿತು, ಪದ್ಧತಿಯೂ ಉಳಿಯಿತು, ನಾವು ಊರೂರು ತಿರುಗಿದೆವು. ಓಣಿಯಲ್ಲಿ ಆಡಿಕೊಂಡರು. ಆಡಿಕೊಳ್ಳಲಿ ಎಂದೆವು.

ರಾಜ್ಯಗಳನ್ನು ಹೊಸದಾಗಿ ಹಂಚಿದಾಗ ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಬಂತು. ಬಾಯಿಯವರಿಗೆ ಮತ್ತೆ ಹೊಸ ಫಾರ್ಮು. ಮೈಸೂರು ರಾಜ್ಯಕ್ಕೆ ಯಾವಾಗ ಬಂದಿರಿ ಎಂದು ಅದರಲ್ಲಿ ಕೇಳಿತ್ತು. ನಾನು ಬಂದಿಲ್ಲ, ಅದೇ ಬಂತು ಎಂದು ಅವರು ಬರೆದರು. ಕಾಯದೆ ಎಂದರೆ ಪ್ರಾಣ ಬಿಡುತ್ತಿದ್ದವರು. ಅಷ್ಟು ವರ್ಷ ಅತ್ತೆಯವರ ಸಂಗಾಟ ತಿರುಗಿದ ಫಲ ಇರಬೇಕು ಅದು.

ಅದಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಒಂದು ಮುಂಜಾನೆ ಹಿತ್ತಲಿನ ನುಗ್ಗೆ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅತ್ತೆಯವರು ಬಿಸಿ ರೊಟ್ಟಿ ತಟ್ಟೆಗೆ ಹಾಕಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮಲ್ಲೂ ಹೂಳುವುದೇ ಪದ್ಧತಿ. ಮಾವನವರು ನಮ್ಮ ಹೊಲದ ಬದುವಿನಲ್ಲಿ ಜಾಗ ಕೊಟ್ಟರು. ಬೆಳಗಾವಿಯಿಂದ ಪಾದ್ರಿಯವರು ಬಂದು ಅವರ ಶಾಸ್ತ್ರ ಮಾಡಿದರು.

ಕೆಲವು ದಿನಗಳ ಮೇಲೆ ಪರವಾನಗಿ ಪುಸ್ತಕ ವಾಪಸು ಪಡೆಯಲು ಜಮಾದಾರ ಬಂದ. ಅದೇ, ನಾಪತ್ತೆ ಎಂದು ಬರೆದವನು. ಈಗ ಮನೆಯವನಂತೆ ಆಗಿದ್ದ, ಕಣ್ಣು ಒರೆಸಿಕೊಂಡೇ ಕುಳಿತ. ಸತ್ತ ವಿದೇಶಿಯರಿಗೆ ಬೇರೆ ಫಾರ್ಮು ಇರಲಿಲ್ಲ, ಊರು ಬಿಟ್ಟು ಹೋದವರದನ್ನೇ ತುಂಬಬೇಕಿತ್ತು. ಅವನು ಸಾಲು ಸಾಲಾಗಿ ಓದುತ್ತ ಬರೆಯುತ್ತ ಬಂದು, ಹೊರಟ ದಿನ ಬರೆದು, ಮುಂದಿನದನ್ನೂ ಯೋಚಿಸದೆ ಗಟ್ಟಿಯಾಗಿ ಓದಿಬಿಟ್ಟ: ಎಲ್ಲಿಗೆ?

ಕಟ್ಟೆಯ ಮೇಲಿದ್ದ ಮಾವನವರು ಮುಖ ತಿರುಗಿಸಿದರು. ಅತ್ತೆಯವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

'ಅದನ್ನ ನಾವು ಕೇಳಿಲ್ಲಪಾ. ಸಂಗಾಟ ಹೋಗತೇನಿ ಅಂತ ಹೆಬ್ಬಟ್ಟ ಒತ್ತಿದಾಕಿ ನಾ. ಹೋಗಲಿಲ್ಲ. ರೊಟ್ಟಿ ಬಡಕೋತ ಕುಂತಿದ್ನಿ. ಮುಚ್ಚಳಿಕಿ ಮುರದಾಕಿ ನಾ, ನನ್ನ ಹೆಸರೀಲೆ ಬರಕೊ.'

ಜಮಾದಾರ ಆ ಜಾಗವನ್ನು ಖಾಲಿ ಬಿಟ್ಟು ಪೆನ್ನು ಮುಚ್ಚಿದ.

ಮರುದಿನ ಬೆಳಿಗ್ಗೆ ಅತ್ತೆಯವರು ತಟ್ಟೆಯಲ್ಲಿ ರೊಟ್ಟಿ ಇಟ್ಟು, ಮೇಲೆ ಬಟ್ಟೆ ಮುಚ್ಚಿ, ಚಪ್ಪಲಿ ಮೆಟ್ಟಿದರು. ನಾನು ಕೇಳಲಿಲ್ಲ. ಮಗಳ ಕೈ ಹಿಡಿದುಕೊಂಡು ಸಂಗಾಟ ಹೋದೆ.